ಮಲಪ್ರಭಾ ಸೀಮೆಯ ಐತಿಹ್ಯಗಳು ಮತ್ತು ಆಚರಣಾ ಪರಂಪರೆ

ಮಲಪ್ರಭಾ ಸೀಮೆಯ ಐತಿಹ್ಯಗಳು ಮತ್ತು ಆಚರಣಾ ಪರಂಪರೆ ಎಂದರೆ ಕರ್ನಾಟಕದ ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳಲ್ಲಿ ರೂಢಿಯಲ್ಲಿರುವ ಮೌಖಿಕ ಕಥೆಗಳು, ಹಾಡುಗಳು, ಜಾತ್ರೆಗಳು, ಹರಕೆಗಳು ಮತ್ತು ರಂಗಕಲೆಗಳ ಸಮುದಾಯ. ಸವದತ್ತಿ ಗುಡ್ಡದ ರೇಣುಕಾ ಯಲ್ಲಮ್ಮನ ಆರಾಧನೆ ಇದರ ಕೇಂದ್ರದಲ್ಲಿದೆ. ಸುರೇಬಾನದ ಶಬರಿಕೊಳ್ಳ, ಗೊಡಚಿಯ ವೀರಭದ್ರೇಶ್ವರ ಜಾತ್ರೆ, ಕಿತ್ತೂರು ಚೆನ್ನಮ್ಮ ಮತ್ತು ಸಂಗೊಳ್ಳಿ ರಾಯಣ್ಣರನ್ನು ಕುರಿತ ಲಾವಣಿಗಳು, ಬೈಲಹೊಂಗಲದ ಕೊಲೆಯೊಂದನ್ನು ಆಧರಿಸಿದ ಸಂಗ್ಯಾ ಬಾಳ್ಯಾ ಸಣ್ಣಾಟ, ಜೋಕುಮಾರನಂಥ ಮಳೆ–ಬೆಳೆಗಳ ಆಚರಣೆಗಳು ಇದರ ಇತರ ಮುಖ್ಯ ಅಂಗಗಳು.

ಈ ಸೀಮೆಯಲ್ಲಿ ಐತಿಹ್ಯವು ಬರಿಯ ಕಥೆಯಾಗಿ ಉಳಿದಿಲ್ಲ. ಪ್ರತಿಯೊಂದು ಐತಿಹ್ಯಕ್ಕೂ ಒಂದು ಸ್ಥಳ, ಒಂದು ತಿಥಿ ಮತ್ತು ಅದನ್ನು ಹೊತ್ತು ನಡೆಯುವ ಒಂದು ಜನವರ್ಗ ಇದೆ. ಹೊಂಡ, ಕೊಳ್ಳ, ಮರಗಳು ಕಥೆಗೆ ಸಾಕ್ಷಿಯಾಗಿ ನಿಂತರೆ, ಹುಣ್ಣಿಮೆಗಳು ಅದನ್ನು ವರ್ಷವರ್ಷವೂ ಮರುಕಳಿಸುವಂತೆ ಮಾಡುತ್ತವೆ. ಜೋಗತಿ, ಪುರವಂತ, ಗೀಗೀ ಹಾಡುಗಾರರು ಅದನ್ನು ಬಾಯಿಂದ ಬಾಯಿಗೆ ದಾಟಿಸುತ್ತಾರೆ. ಹೀಗೆ ಕಥೆಯನ್ನು ಹೊರುವ ಹೊಣೆ ಕೆಲವರ ಪಾಲಿಗೆ, ಅದರಲ್ಲಿಯೂ ದೇವಿಗೆ ಬಿಡಲ್ಪಟ್ಟ ಹೆಣ್ಣುಮಕ್ಕಳ ಪಾಲಿಗೆ, ಬದುಕನ್ನೇ ಕಸಿದುಕೊಳ್ಳುವ ಭಾರವೂ ಆಯಿತು. ಆದುದರಿಂದ ಈ ಪರಂಪರೆಯ ಕಲೆಯನ್ನೂ ಅದರೊಡನೆ ಬೆಸೆದುಕೊಂಡ ಶೋಷಣೆಯನ್ನೂ ಬೇರ್ಪಡಿಸಿ ನೋಡುವ ಪ್ರಶ್ನೆ ಇಪ್ಪತ್ತನೆಯ ಶತಮಾನದಿಂದ ಮುಖ್ಯವಾಗಿದೆ.

## ಭೌಗೋಳಿಕ ಮತ್ತು ಐತಿಹಾಸಿಕ ಹಿನ್ನೆಲೆ

ಮಲಪ್ರಭಾ ನದಿಯು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಪೂರ್ವಾಭಿಮುಖವಾಗಿ ಹರಿದು, ಬೈಲಹೊಂಗಲ, ಸವದತ್ತಿ, ರಾಮದುರ್ಗ ತಾಲ್ಲೂಕುಗಳನ್ನು ಹಾದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಸವದತ್ತಿಯ ಸಮೀಪ ನದಿಯು ಗುಡ್ಡದ ಸಾಲನ್ನು ಸೀಳಿಕೊಂಡು ಹೊರಬರುವ ನವಿಲುತೀರ್ಥದಲ್ಲಿ ಅಣೆಕಟ್ಟನ್ನು ಕಟ್ಟಲಾಗಿದ್ದು, ಅದರ ಜಲಾಶಯಕ್ಕೆ ದೇವಿಯ ಹೆಸರಿನಿಂದಲೇ ರೇಣುಕಾಸಾಗರ ಎಂದು ಹೆಸರಿಡಲಾಗಿದೆ. ಕಪ್ಪು ಎರೆಭೂಮಿಯಲ್ಲಿ ಜೋಳ, ಹತ್ತಿ, ಕಡಲೆ ಬೆಳೆಯುವ ಒಕ್ಕಲುತನದ ನಾಡು ಇದು.

ಸವದತ್ತಿಯ ಹಳೆಯ ಹೆಸರು ಸುಗಂಧವರ್ತಿ. ರಾಷ್ಟ್ರಕೂಟರ ಕಾಲದಿಂದ ಈ ಭಾಗವನ್ನು ಆಳಿದ ರಟ್ಟರಿಗೆ ಇದು ರಾಜಧಾನಿಯಾಗಿತ್ತು. ಮುಂದೆ ಅವರು ತಮ್ಮ ರಾಜಧಾನಿಯನ್ನು ವೇಣುಗ್ರಾಮಕ್ಕೆ, ಅಂದರೆ ಇಂದಿನ ಬೆಳಗಾವಿಗೆ, ಬದಲಿಸಿದರು. ಸವದತ್ತಿ ತಾಲ್ಲೂಕನ್ನು ಹಿಂದೆ ಪರಸಗಡ ತಾಲ್ಲೂಕು ಎಂದು ಕರೆಯುತ್ತಿದ್ದರು. ಪರಸಗಡವು ಪರಶುರಾಮನ ಕೋಟೆ ಎಂಬ ನಂಬಿಕೆ ಜನರಲ್ಲಿದೆ. ಹೀಗೆ ಊರು, ಕೋಟೆ, ಜಲಾಶಯಗಳ ಹೆಸರುಗಳಲ್ಲಿಯೇ ರೇಣುಕಾ–ಪರಶುರಾಮರ ಕಥೆ ಹಾಸುಹೊಕ್ಕಾಗಿದೆ.

## ರೇಣುಕಾ ಯಲ್ಲಮ್ಮನ ಐತಿಹ್ಯ

### ಪುರಾಣದ ಪಾಠ

ಮಹಾಭಾರತದ ವನಪರ್ವದಲ್ಲಿ ಬರುವ ಕಥೆಯಂತೆ ರೇಣುಕೆಯು ರಾಜ ಪ್ರಸೇನಜಿತನ ಮಗಳು, ಜಮದಗ್ನಿ ಋಷಿಯ ಪತ್ನಿ. ರುಮಣ್ವಂತ, ಸುಷೇಣ, ವಸು, ವಿಶ್ವಾವಸು ಮತ್ತು ರಾಮ (ಪರಶುರಾಮ) ಎಂಬ ಐವರು ಅವಳ ಮಕ್ಕಳು. ಸ್ನಾನಕ್ಕೆ ಹೋದಾಗ ಜಲಕ್ರೀಡೆಯಲ್ಲಿದ್ದ ಚಿತ್ರರಥನೆಂಬ ರಾಜನನ್ನು ಕಂಡು ಅವಳ ಮನಸ್ಸು ಚಂಚಲವಾಗುತ್ತದೆ. ಇದನ್ನು ಅರಿತ ಜಮದಗ್ನಿ ತಾಯಿಯನ್ನು ಕೊಲ್ಲುವಂತೆ ಮಕ್ಕಳಿಗೆ ಆಜ್ಞಾಪಿಸುತ್ತಾನೆ. ಹಿರಿಯ ನಾಲ್ವರು ಆಜ್ಞೆಯನ್ನು ಪಾಲಿಸದೆ ಶಾಪಕ್ಕೆ ಗುರಿಯಾಗುತ್ತಾರೆ. ಪರಶುರಾಮನು ತಾಯಿಯ ಶಿರವನ್ನು ಕಡಿದು, ತಂದೆ ಮೆಚ್ಚಿ ಕೊಟ್ಟ ವರದಿಂದ ತಾಯಿಯನ್ನೂ ಸೋದರರನ್ನೂ ಮರಳಿ ಪಡೆಯುತ್ತಾನೆ. ಅನಂತರ ಕಾರ್ತವೀರ್ಯಾರ್ಜುನನು ಆಶ್ರಮದ ಧೇನುವಿನ ಕರುವನ್ನು ಅಪಹರಿಸುವುದು, ಪರಶುರಾಮನು ಅವನನ್ನು ಕೊಲ್ಲುವುದು, ಅವನ ಮಕ್ಕಳು ಸೇಡಿಗಾಗಿ ಜಮದಗ್ನಿಯನ್ನು ವಧಿಸುವುದು, ಪರಶುರಾಮನು ಇಪ್ಪತ್ತೊಂದು ಸಲ ಕ್ಷತ್ರಿಯರನ್ನು ಸಂಹರಿಸುವುದು ಈ ಕಥೆಯ ಮುಂದಿನ ಭಾಗ.

### ಸವದತ್ತಿಯ ಮೌಖಿಕ ಪಾಠ

ಜೋಗತಿಯರು ಹಾಡುವ ಪಾಠದಲ್ಲಿ ಪುರಾಣದ ಎಲುಬುಗೂಡು ಉಳಿದುಕೊಂಡಿದ್ದರೂ ಕಥೆಯ ಒತ್ತು ತಂದೆಯ ಆಜ್ಞೆಯಿಂದ ತಾಯಿಯ ಸಂಕಟದ ಕಡೆಗೆ ಸರಿಯುತ್ತದೆ. ರೇಣುಕೆಯು ಪ್ರತಿದಿನವೂ ನದಿಗೆ ಹೋಗಿ ಉಸುಕಿನಿಂದ ಕೊಡ ಮಾಡಿ, ಹಾವನ್ನು ಸಿಂಬಿಯಾಗಿ ಸುತ್ತಿ ತಲೆಯ ಮೇಲಿಟ್ಟುಕೊಂಡು, ಗಂಡನ ಪೂಜೆಗೆ ನೀರು ತರುತ್ತಿದ್ದಳು. ಮನಸ್ಸು ಚಂಚಲವಾದ ದಿನ ಉಸುಕಿನ ಕೊಡ ನಿಲ್ಲಲಿಲ್ಲ, ಹಾವು ಹರಿದುಹೋಯಿತು. ಬರಿಗೈಯಲ್ಲಿ ಬಂದ ಹೆಂಡತಿಯನ್ನು ಜಮದಗ್ನಿ ಶಪಿಸಿದನು. ಅವಳ ಮೈ ತುಂಬ ತೊನ್ನು, ಹುಣ್ಣುಗಳಾದವು.

ಕಾಡಿನಲ್ಲಿ ಅಲೆಯುತ್ತಿದ್ದ ಅವಳನ್ನು ಎಕ್ಕಯ್ಯ, ಜೋಗಯ್ಯ ಎಂಬ ಇಬ್ಬರು ಸಾಧಕರು ಕಂಡು, ಬಾವಿಯ ನೀರಿನಲ್ಲಿ ಮಿಂದು ಮನೆಮನೆಗೆ ಹೋಗಿ ಜೋಗ ಬೇಡುವಂತೆ ಹೇಳಿದರು. ಹಾಗೆ ಮಾಡಿದ ಮೇಲೆ ಅವಳ ರೋಗ ನೀಗಿತು. ಆ ಬಾವಿಯೇ ಇಂದಿನ ಜೋಗುಳಬಾವಿ ಎಂದು ಭಕ್ತರು ನಂಬುತ್ತಾರೆ. ಗುಣವಾಗಿ ಮನೆಗೆ ಮರಳಿದರೂ ಜಮದಗ್ನಿಯ ಕೋಪ ಆರಲಿಲ್ಲ. ಪರಶುರಾಮನು ಕೊಡಲಿ ಎತ್ತಿದಾಗ ಅವಳು ಓಡಿಹೋಗಿ ಮಾತಂಗಿಯ ಗುಡಿಸಲಿನಲ್ಲಿ ಆಶ್ರಯ ಪಡೆದಳೆಂದು ಕೆಲವು ಪಾಠಗಳು ಹೇಳುತ್ತವೆ. ಅಲ್ಲಿ ಇಬ್ಬರ ತಲೆಗಳೂ ಉರುಳಿ, ಜೀವ ಬರಿಸುವಾಗ ತಲೆಗಳು ಅದಲುಬದಲಾದವು. ಒಡಲು ಒಬ್ಬಳದು, ತಲೆ ಇನ್ನೊಬ್ಬಳದು ಆದ ದೇವತೆಯಲ್ಲಿ ಋಷಿಪತ್ನಿಯೂ ಹೊಲೆಗೇರಿಯ ಹೆಣ್ಣೂ ಒಂದಾಗುತ್ತಾರೆ. ಯಲ್ಲಮ್ಮ ಎಂದರೆ ‘ಎಲ್ಲರ ಅಮ್ಮ’ ಎಂಬ ಜನಪ್ರಿಯ ವಿವರಣೆಗೆ ಈ ಕಥೆಯೇ ಆಧಾರ. ಆಜ್ಞೆ ಮೀರಿದ ನಾಲ್ವರು ಮಕ್ಕಳು ಗಂಡಸುತನವನ್ನು ಕಳೆದುಕೊಂಡರೆಂಬ ಪಾಠವೂ ಇದ್ದು, ಜೋಗಪ್ಪಗಳ ಪರಂಪರೆಯ ಮೂಲವನ್ನು ಅದಕ್ಕೆ ಜೋಡಿಸಲಾಗುತ್ತದೆ.

### ಇತರ ಪ್ರದೇಶಗಳಲ್ಲಿ

ರೇಣುಕೆಯ ಕಥೆ ದಕ್ಷಿಣ ಭಾರತದುದ್ದಕ್ಕೂ ಹಬ್ಬಿದೆ. ಮಹಾರಾಷ್ಟ್ರದ ಮಾಹೂರು, ಶಿವಮೊಗ್ಗ ಜಿಲ್ಲೆಯ ಚಂದ್ರಗುತ್ತಿ ಇದರ ಇತರ ಪ್ರಮುಖ ಕ್ಷೇತ್ರಗಳು. ತಲೆ ಬದಲಾದ ಕಥೆಯನ್ನು ತಮಿಳು ನಾಡಿನಲ್ಲಿ ಮಾರಿಯಮ್ಮನ ಮೇಲೆ ಹೇಳುತ್ತಾರೆ. ಆ ಪಾಠವು ಪ್ರವಾಸಕಥನಗಳ ಮೂಲಕ ಯುರೋಪನ್ನು ತಲುಪಿ, ಜರ್ಮನ್ ಕವಿ ಗಯಟೆಯ ‘ಪರಿಯ’ ಕವನತ್ರಯಕ್ಕೆ ವಸ್ತುವಾಯಿತು. ಮಲಯಾಳಿಗಳ ಐತಿಹ್ಯದಲ್ಲಿ ಪರಶುರಾಮನು ಕ್ಷತ್ರಿಯವಧೆಯ ಪಾಪವನ್ನು ಕಳೆದುಕೊಳ್ಳಲು ಕೊಡಲಿ ಬೀಸಿ ಕಡಲನ್ನು ಹಿಂದೆ ಸರಿಸಿ ಕೇರಳವನ್ನು ಸೃಷ್ಟಿಸಿದವನು; ತುಳುನಾಡು, ಕೊಂಕಣಗಳಲ್ಲಿಯೂ ಇದೇ ನಂಬಿಕೆಯಿದೆ. ಕರಾವಳಿಯವರಿಗೆ ಅವನು ನಾಡನ್ನು ಕೊಟ್ಟವನಾದರೆ, ಸವದತ್ತಿಯವರಿಗೆ ತಾಯಿಯನ್ನು ಕೊಂದು ಮರಳಿ ಪಡೆದ ಮಗ. ಮಲಪ್ರಭೆಯ ಕೆಳದಂಡೆಯ ಐಹೊಳೆಯಲ್ಲಿ ಅವನು ರಕ್ತಸಿಕ್ತ ಕೊಡಲಿಯನ್ನು ತೊಳೆದಾಗ ನೀರು ಕೆಂಪಾಗಿ, ಅದನ್ನು ಕಂಡ ಹೆಣ್ಣುಮಗಳು ‘ಅಯ್ಯೋ ಹೊಳಿ’ ಎಂದು ಉದ್ಗರಿಸಿದ್ದರಿಂದ ಊರಿಗೆ ಆ ಹೆಸರು ಬಂದಿತೆಂಬ ಸ್ಥಳಕಥೆ ಪ್ರಸಿದ್ಧವಾಗಿದೆ.

## ಯಲ್ಲಮ್ಮನ ಗುಡ್ಡದ ಆಚರಣೆಗಳು

### ಹುಣ್ಣಿಮೆಗಳ ಆವರ್ತನ

ದೇವಿಯ ಬದುಕಿನ ಘಟನೆಗಳನ್ನು ಗುಡ್ಡದಲ್ಲಿ ಹುಣ್ಣಿಮೆಗಳಿಗೆ ಹೊಂದಿಸಲಾಗಿದೆ. ಮಾರ್ಗಶಿರ ಮಾಸದ ಹೊಸ್ತಿಲ ಹುಣ್ಣಿಮೆಯಂದು ಜಮದಗ್ನಿ ಹತನಾದನೆಂದು ನಂಬಿ ದೇವಿಯ ಕಂಕಣ–ಮಂಗಳಸೂತ್ರಗಳನ್ನು ವಿಸರ್ಜಿಸುತ್ತಾರೆ. ಜೋಗತಿಯರು ಬಳೆ ಒಡೆದುಕೊಳ್ಳುತ್ತಾರೆ. ಆಡುಮಾತಿನಲ್ಲಿ ಇದು ರಂಡೆ ಹುಣ್ಣಿಮೆ. ಪುಷ್ಯದ ಬನದ ಹುಣ್ಣಿಮೆಯನ್ನು ದಾಟಿ ಮಾಘ ಮಾಸದ ಭಾರತ ಹುಣ್ಣಿಮೆ ಬರುವವರೆಗೆ ದೇವಿಯನ್ನು ವಿಧವೆಯೆಂದು ಭಾವಿಸುವುದು ವಾಡಿಕೆ. ಭಾರತ ಹುಣ್ಣಿಮೆಯಂದು ಜಮದಗ್ನಿ ಮರುಜೀವ ಪಡೆದನೆಂದು ಅವಳಿಗೆ ಮತ್ತೆ ಕಂಕಣ, ಮಂಗಳಸೂತ್ರಗಳನ್ನು ಧಾರಣೆ ಮಾಡಿಸಲಾಗುತ್ತದೆ. ಜೋಗತಿಯರೂ ಹೊಸ ಬಳೆ ತೊಡುತ್ತಾರೆ. ಆದ್ದರಿಂದ ಇದಕ್ಕೆ ಮುತ್ತೈದೆ ಹುಣ್ಣಿಮೆ ಎಂದು ಹೆಸರು. ವರ್ಷದ ದೊಡ್ಡ ಜಾತ್ರೆ ಸೇರುವುದು ಆಗಲೇ. ಚೈತ್ರದ ದವನದ ಹುಣ್ಣಿಮೆ ಮತ್ತು ನವರಾತ್ರಿಯ ದಿನಗಳಲ್ಲಿಯೂ ಭಕ್ತರು ಬಹುಸಂಖ್ಯೆಯಲ್ಲಿ ಬರುತ್ತಾರೆ.

ಲೋಕದಲ್ಲಿ ಒಮ್ಮೆ ಬಳೆ ಒಡೆದ ಹೆಂಗಸು ಮತ್ತೆ ಬಳೆ ತೊಡುವಂತಿಲ್ಲ ಎಂಬ ಕಟ್ಟಳೆ ಬಿಗಿಯಾಗಿದ್ದ ಸಮಾಜದಲ್ಲಿ, ವರ್ಷಕ್ಕೊಮ್ಮೆ ವಿಧವೆಯಾಗಿ ವರ್ಷಕ್ಕೊಮ್ಮೆ ಮುತ್ತೈದೆಯಾಗುವ ದೇವತೆಯ ಆರಾಧನೆ ಗಮನಾರ್ಹವಾದುದು.

### ಯಾತ್ರೆಯ ವಿಧಿಗಳು

ಯಲ್ಲಮ್ಮನ ಗುಡ್ಡಕ್ಕೆ ಉತ್ತರ ಕರ್ನಾಟಕದಿಂದಲೂ ಮಹಾರಾಷ್ಟ್ರ, ಗೋವಾ, ಆಂಧ್ರಪ್ರದೇಶ, ತೆಲಂಗಾಣಗಳಿಂದಲೂ ಯಾತ್ರಿಕರು ಬರುತ್ತಾರೆ. ಕೊಲ್ಹಾಪುರ ಕಡೆಯ ಮರಾಠಿ ಭಾಷಿಕರ ಸಂಖ್ಯೆ ದೊಡ್ಡದು. ಸುಗ್ಗಿಯ ಕೆಲಸ ಹಗುರಾದ ಕಾಲಕ್ಕೆ ರೈತರು ಸಿಂಗರಿಸಿದ ಚಕ್ಕಡಿಗಳಲ್ಲಿ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೊರಡುವ ಪದ್ಧತಿ ಬಸ್ಸು, ಟ್ರ್ಯಾಕ್ಟರುಗಳ ಕಾಲದಲ್ಲಿಯೂ ಪೂರ್ಣವಾಗಿ ನಿಂತಿಲ್ಲ.

ಭಕ್ತರು ಮೊದಲು ಜೋಗುಳಬಾವಿಯಲ್ಲಿ ಸ್ನಾನ ಮಾಡಿ ಅಲ್ಲಿಯ ಸತ್ತೆಮ್ಮನ ದರ್ಶನ ಪಡೆಯುತ್ತಾರೆ. ಅನಂತರ ಗುಡ್ಡವನ್ನೇರಿ ಎಣ್ಣೆಹೊಂಡದ ನೀರನ್ನು ಮೈಮೇಲೆ ಹಾಕಿಕೊಂಡು ಯಲ್ಲಮ್ಮನ ಗುಡಿಗೆ ಹೋಗುತ್ತಾರೆ. ಗುಡ್ಡದ ಮೇಲೆ ಪರಶುರಾಮ, ಮಾತಂಗಿ, ಎಕ್ಕಯ್ಯ–ಜೋಗಯ್ಯರ ಗುಡಿಗಳೂ ಇದ್ದು, ಅವೆಲ್ಲವನ್ನೂ ಸುತ್ತಿ ಬರುವ ಯಾತ್ರಿಕನು ಕಥೆಯನ್ನೇ ನಡೆದು ಬಂದಂತಾಗುತ್ತದೆ. ಬೇವಿನ ಸೊಪ್ಪು, ಭಂಡಾರ, ಕವಡೆ ದೇವಿಯ ಮುಖ್ಯ ಚಿಹ್ನೆಗಳು. ಬಾನಿಗೆ ತೂರಿದ ಭಂಡಾರ ಎಲ್ಲರ ಮೈಮೇಲೂ ಬೀಳುತ್ತಿರುವಾಗ ‘ಉಧೋ ಉಧೋ’ ಎಂಬ ಘೋಷ ಗುಡ್ಡವನ್ನು ತುಂಬುತ್ತದೆ.

ಹರಕೆಯ ವಿಧಿಗಳಲ್ಲಿ ಪಡಲಗಿ ತುಂಬುವುದು ಮುಖ್ಯವಾದುದು. ಪಡಲಗಿ ಎಂದರೆ ಜೋಗತಿಯರು ಜೋಗ ಬೇಡಲು ಹಿಡಿಯುವ ಬುಟ್ಟಿ; ಹಡಲಗಿ, ಪಡ್ಡಲಗಿ ಎಂಬ ರೂಪಗಳೂ ಬಳಕೆಯಲ್ಲಿವೆ. ಬೀಡು ಬಿಟ್ಟಲ್ಲಿಯೇ ಒಲೆ ಹೂಡಿ ಹೋಳಿಗೆ, ಕಡಬು, ಅನ್ನ, ಪಲ್ಯಗಳನ್ನು ಮಾಡಿ, ಜೋಗತಿಯರನ್ನು ಕರೆದು ಪಡಲಗಿಯಲ್ಲಿ ಎಡೆ ತುಂಬಿ ಪೂಜಿಸಿದ ಬಳಿಕ ಎಲ್ಲರೂ ಉಣ್ಣುತ್ತಾರೆ. ರೇಣುಕೆಯು ಅನ್ನಕ್ಕಾಗಿ ಮನೆಮನೆಗೆ ಅಲೆದ ದಿನಗಳ ನೆನಪು ಈ ವಿಧಿಯಲ್ಲಿದೆ.

## ಜೋಗತಿಯರು, ಜೋಗಪ್ಪಗಳು ಮತ್ತು ಚೌಡಿಕೆ

ಯಲ್ಲಮ್ಮನಿಗೆ ತಮ್ಮನ್ನು ಒಪ್ಪಿಸಿಕೊಂಡ ಹೆಣ್ಣುಮಕ್ಕಳು ಜೋಗತಿಯರು. ಹೆಣ್ಣುಡುಗೆ ತೊಟ್ಟು ದೇವಿಯ ಸೇವೆಗೆ ನಿಂತ, ಗಂಡಾಗಿ ಹುಟ್ಟಿದವರು ಜೋಗಪ್ಪಗಳು ಅಥವಾ ಜೋಗಮ್ಮಗಳು. ಕೊರಳಲ್ಲಿ ಕೆಂಪು–ಬಿಳಿ ಮುತ್ತಿನ ಸರ ಮತ್ತು ಕವಡೆಸರ, ಹಣೆಯಲ್ಲಿ ಭಂಡಾರ, ಕೈಯಲ್ಲಿ ಚೌರಿ, ತಲೆಯ ಮೇಲೆ ದೇವಿಯ ಮೂರ್ತಿಯಿರುವ ‘ಜಗ’ ಅಥವಾ ಕೊಡ ಅವರ ಲಾಂಛನಗಳು. ದೇವಿಯ ವಾರಗಳಾದ ಮಂಗಳವಾರ ಮತ್ತು ಶುಕ್ರವಾರ ಕನಿಷ್ಠ ಐದು ಮನೆಗಳಲ್ಲಿ ಜೋಗ ಬೇಡುವುದು ಅವರ ನೇಮ. ತುಂಬಿದ ಕೊಡವನ್ನು ಕೈ ಹಚ್ಚದೆ ತಲೆಯ ಮೇಲೆ ನಿಲ್ಲಿಸಿ ಕುಣಿಯುವುದು ಜೋಗತಿ ನೃತ್ಯದ ವೈಶಿಷ್ಟ್ಯ. ಉಸುಕಿನ ಕೊಡ ಹೊತ್ತ ರೇಣುಕೆಯ ಕಥೆಯೊಡನೆ ಇದನ್ನು ಸಂಬಂಧಿಸಿ ಹೇಳಲಾಗುತ್ತದೆ.

ಇವರ ಮುಖ್ಯ ವಾದ್ಯ ಚೌಡಿಕೆ (ಚೌಡಕಿ). ಕಟ್ಟಿಗೆಯ ಪೊಳ್ಳು ಕೊಳಗದ ಒಂದು ಬಾಯಿಗೆ ಚರ್ಮ ಬಿಗಿದು, ಅದರ ನಡುವಿನಿಂದ ಹೊರಡುವ ತಂತಿಯನ್ನು ಬದಿಗೆ ಜೋಡಿಸಿದ ಕೋಲಿನ ತುದಿಗೆ ಕಟ್ಟಿರುತ್ತಾರೆ. ಕೊಳಗವನ್ನು ಕಂಕುಳಲ್ಲಿ ಅವುಚಿಕೊಂಡು ತಂತಿಯನ್ನು ಮೀಟಿದಾಗ ನಾದ ಮತ್ತು ಲಯ ಎರಡೂ ಒಟ್ಟಿಗೆ ಹೊರಡುತ್ತವೆ. ಶ್ರುತಿಗಾಗಿ ‘ಸುತಿ’ ಎಂಬ ತಂತಿವಾದ್ಯವೂ ಜೊತೆಗೆ ತಾಳವೂ ಇರುತ್ತದೆ. ಮುಖ್ಯ ಹಾಡುಗಾರ್ತಿ ಕಥೆಯನ್ನು ಹಾಡಿನಲ್ಲಿ ಮುನ್ನಡೆಸಿದರೆ ಹಿಮ್ಮೇಳದವರು ಸೊಲ್ಲನ್ನು ಎತ್ತಿಕೊಳ್ಳುತ್ತಾರೆ. ನಡುನಡುವೆ ಮಾತು, ಹಾಸ್ಯ, ಒಗಟುಗಳು ಬರುತ್ತವೆ. ರೇಣುಕೆಯ ಹುಟ್ಟು, ಮದುವೆ, ಶಾಪ, ವಿಮೋಚನೆಗಳನ್ನು ಹೀಗೆ ಇಡೀ ರಾತ್ರಿ ಹಾಡುವುದುಂಟು. ಓದುಬರಹ ಬಾರದ ಕಲಾವಿದೆಯರು ಸಾವಿರಾರು ಸಾಲುಗಳನ್ನು ನೆನಪಿನಲ್ಲಿರಿಸಿಕೊಂಡು ಈ ಕಾವ್ಯವನ್ನು ಉಳಿಸಿದ್ದಾರೆ.

ಬಳ್ಳಾರಿ ಸೀಮೆಯ ಜೋಗತಿ ಕಲಾವಿದೆ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಆ ಸ್ಥಾನಕ್ಕೇರಿದ ಮೊದಲ ಲಿಂಗತ್ವ ಅಲ್ಪಸಂಖ್ಯಾತರು ಅವರು. 2021ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಘೋಷಿತವಾಯಿತು. ಬೇಡುವವರ ಹಾಡು ಎಂದು ಕೀಳಾಗಿ ಕಾಣಲಾಗುತ್ತಿದ್ದ ಈ ಕಲೆಗೆ ಇದರಿಂದ ಸಾರ್ವಜನಿಕ ಮನ್ನಣೆ ದೊರೆಯಿತು.

## ಮುತ್ತು ಕಟ್ಟುವ ಪದ್ಧತಿ ಮತ್ತು ಅದರ ನಿಷೇಧ

ಹೆಣ್ಣುಮಗುವಿಗೆ ಅಥವಾ ತರುಣಿಗೆ ದೇವಿಯ ಹೆಸರಿನಲ್ಲಿ ಮುತ್ತಿನ ಸರ ಕಟ್ಟಿ ದೇವದಾಸಿಯನ್ನಾಗಿ ಬಿಡುವುದಕ್ಕೆ ‘ಮುತ್ತು ಕಟ್ಟುವುದು’ ಎನ್ನುತ್ತಾರೆ. ಮುತ್ತು ಕಟ್ಟಿಸಿಕೊಂಡವಳು ಬೇರೆ ಮದುವೆಯಾಗುವಂತಿರಲಿಲ್ಲ. ಮನೆಯಲ್ಲಿ ಗಂಡುಸಂತಾನ ಇಲ್ಲದಿರುವುದು, ವಾಸಿಯಾಗದ ಕಾಯಿಲೆ, ಹೊತ್ತ ಹರಕೆ, ತಲೆಯಲ್ಲಿ ಜಡೆ ಕಟ್ಟಿಕೊಂಡದ್ದನ್ನು ದೇವಿಯ ಕರೆಯೆಂದು ತಿಳಿಯುವುದು ಇದಕ್ಕೆ ಹೇಳಲಾಗುತ್ತಿದ್ದ ಕಾರಣಗಳು. ಹೀಗೆ ಬಿಡಲ್ಪಟ್ಟವರಲ್ಲಿ ಹೆಚ್ಚಿನವರು ದಲಿತ ಸಮುದಾಯಗಳ ಬಡ ಕುಟುಂಬಗಳಿಗೆ ಸೇರಿದವರು. ಹೆಸರಿಗೆ ದೇವಿಯ ಸೇವೆಯಾದರೂ ವಾಸ್ತವದಲ್ಲಿ ಅನೇಕರು ಊರಿನ ಉಳ್ಳವರ ಲೈಂಗಿಕ ಶೋಷಣೆಗೆ ಗುರಿಯಾದರು. ಕೆಲವರು ಮುಂಬಯಿ, ಪುಣೆಗಳಂಥ ನಗರಗಳ ವೇಶ್ಯಾವಾಟಿಕೆಗಳಿಗೆ ಸಾಗಿಸಲ್ಪಟ್ಟರು. ಅವರ ಮಕ್ಕಳು ತಂದೆಯ ಹೆಸರಿಲ್ಲದೆ ಶಾಲೆಯ ದಾಖಲಾತಿಯಿಂದ ಆಸ್ತಿಹಕ್ಕಿನವರೆಗೆ ತೊಂದರೆ ಅನುಭವಿಸಿದರು.

ಬೆಳಗಾವಿಯು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ, 1934ರಲ್ಲಿ, ದೇವದಾಸಿಯರ ರಕ್ಷಣೆಗಾಗಿ ಕಾಯಿದೆಯೊಂದು ಬಂದಿತು. ಕರ್ನಾಟಕ ಸರಕಾರದ ದೇವದಾಸಿ ಸಮರ್ಪಣಾ ನಿಷೇಧ ಕಾಯಿದೆ 1982ರದು. ಅದರಂತೆ, ಒಪ್ಪಿಗೆ ಇದ್ದರೂ ಇಲ್ಲದಿದ್ದರೂ ಸಮರ್ಪಣೆ ಅಪರಾಧ. ದೇವದಾಸಿಯು ಮಾಡಿಕೊಳ್ಳುವ ಮದುವೆ ಸಿಂಧು. ಸಮರ್ಪಣೆಯಲ್ಲಿ ಪಾಲ್ಗೊಂಡವರಿಗೆ 3 ವರ್ಷಗಳವರೆಗೆ ಸೆರೆವಾಸ, ಅವರು ತಂದೆತಾಯಿ, ಪೋಷಕ ಅಥವಾ ಬಂಧುಗಳಾಗಿದ್ದರೆ 2ರಿಂದ 5 ವರ್ಷಗಳ ಸೆರೆವಾಸವನ್ನು ಅದು ವಿಧಿಸಿತು. 1986ರಲ್ಲಿ ಚಂದ್ರಗುತ್ತಿಯ ರೇಣುಕಾಂಬೆಯ ಜಾತ್ರೆಯಲ್ಲಿ ಬೆತ್ತಲೆ ಸೇವೆಯನ್ನು ತಡೆಯಹೋದವರ ಮೇಲೆ ಹಲ್ಲೆ ನಡೆದದ್ದು ನಾಡಿನಲ್ಲೆಲ್ಲ ಚರ್ಚೆಗೆ ಕಾರಣವಾಗಿ, ಆ ಸೇವೆಯೂ ನಿಷೇಧಕ್ಕೊಳಗಾಯಿತು.

ಕಾನೂನು ಬಂದ ಮೇಲೆ ಗುಡ್ಡದಲ್ಲಿ ಬಹಿರಂಗವಾಗಿ ನಡೆಯುತ್ತಿದ್ದ ವಿಧಿ ನಿಂತಿತಾದರೂ ಮನೆಗಳಲ್ಲಿ, ಸಣ್ಣ ಗುಡಿಗಳಲ್ಲಿ ಗುಟ್ಟಾಗಿ ಮುಂದುವರಿಯಿತು. ರಾಜ್ಯ ಸರಕಾರ 1993–94ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ 22,873 ದೇವದಾಸಿಯರನ್ನು ಗುರುತಿಸಲಾಗಿತ್ತು. 2007–08ರ ಸಮೀಕ್ಷೆಯಲ್ಲಿ ಇನ್ನೂ 23,787 ಮಂದಿ ಪಟ್ಟಿಗೆ ಸೇರಿ ಒಟ್ಟು ಸಂಖ್ಯೆ 46,660 ಆಯಿತು. ಪದ್ಧತಿಯ ವಿರುದ್ಧದ ಹೋರಾಟದಲ್ಲಿ ಮಾಜಿ ದೇವದಾಸಿಯರೇ ಮುಂದೆ ನಿಂತುದು ಬೆಳಗಾವಿ ಜಿಲ್ಲೆಯ ವಿಶೇಷ. ಘಟಪ್ರಭೆಯಲ್ಲಿ 1997ರಲ್ಲಿ ಆರಂಭವಾದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯು ಅವರದೇ ಸಂಘಟನೆ. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿಯವರಿಗೆ 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಲಭಿಸಿತು.

## ಶಬರಿಕೊಳ್ಳ ಮತ್ತು ಗೊಡಚಿ

ರಾಮದುರ್ಗ ತಾಲ್ಲೂಕಿನ ಸುರೇಬಾನದ ಬಳಿಯ ಗುಡ್ಡದ ಕಣಿವೆಯಲ್ಲಿರುವ ಶಬರಿಕೊಳ್ಳವು ರಾಮಾಯಣದ ಶಬರಿಯು ರಾಮನಿಗಾಗಿ ಕಾದ ಸ್ಥಳವೆಂದು ನಂಬಲಾಗಿದೆ. ಇಲ್ಲಿ ಶಬರಿಯ ಗುಡಿಯೂ ನೀರಿನ ಹೊಂಡವೂ ಇವೆ. ತಾನು ರುಚಿ ನೋಡಿ ಆರಿಸಿದ ಬೋರೆಹಣ್ಣುಗಳನ್ನು ಶಬರಿ ರಾಮನಿಗೆ ಕೊಟ್ಟಳೆಂಬ ಜನಪ್ರಿಯ ಪ್ರಸಂಗಕ್ಕೆ ಈ ಸೀಮೆಯ ಬೋರೆಗಿಡಗಳನ್ನೇ ಸಾಕ್ಷಿಯಾಗಿ ತೋರಿಸುವುದುಂಟು. ಶಬರಿಯ ಆಶ್ರಮ ಹಂಪಿ–ಆನೆಗೊಂದಿ ಪರಿಸರದ ಪಂಪಾಸರೋವರದ ಬಳಿ ಇತ್ತೆಂಬ ಐತಿಹ್ಯವೂ ಪ್ರಬಲವಾಗಿದೆ. ಗಂಡನಿಂದ ತಿರಸ್ಕೃತಳಾದ ರೇಣುಕೆ ಒಂದೆಡೆ, ಬೇಡರ ಮುದುಕಿ ಶಬರಿ ಇನ್ನೊಂದೆಡೆ: ಸಮೀಪದ ಎರಡು ಗುಡ್ಡಗಳಲ್ಲಿ ಪೂಜೆ ಸಲ್ಲುವುದು ಬದುಕಿನ ಅಂಚಿಗೆ ಸರಿಸಲ್ಪಟ್ಟ ಹೆಂಗಸರಿಗೆ.

ಅದೇ ತಾಲ್ಲೂಕಿನ ಗೊಡಚಿಯು ವೀರಭದ್ರೇಶ್ವರನ ಕ್ಷೇತ್ರ. ಬಾದಾಮಿ ಚಾಳುಕ್ಯ ಒಂದನೆಯ ಕೀರ್ತಿವರ್ಮನ ಕಾಲದ ತಾಮ್ರಶಾಸನ ದೊರೆತ ಊರೂ ಇದೇ. ಹೊಸ್ತಿಲ ಹುಣ್ಣಿಮೆಯ ಹೊತ್ತಿಗೆ ಇಲ್ಲಿ ದೊಡ್ಡ ಜಾತ್ರೆ ಸೇರುತ್ತದೆ. ದಕ್ಷಯಜ್ಞದಲ್ಲಿ ಸತಿಗೆ ಆದ ಅಪಮಾನಕ್ಕೆ ಸೇಡು ತೀರಿಸಿಕೊಳ್ಳಲು ಶಿವನ ಜಟೆಯಿಂದ ವೀರಭದ್ರ ಹುಟ್ಟಿದ ಕಥೆಯನ್ನು ಪುರವಂತರು ಸಂಬಾಳ ಮೊದಲಾದ ವಾದ್ಯಗಳ ಗತ್ತಿಗೆ ಕುಣಿಯುತ್ತ, ಆವೇಶದಿಂದ ‘ಒಡಪು’ಗಳಲ್ಲಿ ನುಡಿಯುತ್ತಾರೆ. ಹರಕೆ ಹೊತ್ತವರು ಗಲ್ಲ, ನಾಲಗೆಗಳಿಗೆ ಶಸ್ತ್ರ ಚುಚ್ಚಿಸಿಕೊಳ್ಳುವುದೂ ಉಂಟು. ದಕ್ಷಿಣ ಕರ್ನಾಟಕದ ವೀರಗಾಸೆಗೆ ಇದು ಹತ್ತಿರದ ಕಲೆ.

ಬೈಲಹೊಂಗಲದ ಸಮೀಪದ ಸೊಗಲವು ಜಲಪಾತದ ಬದಿಯಲ್ಲಿ ಸೋಮೇಶ್ವರ ದೇವಾಲಯವಿರುವ ಕ್ಷೇತ್ರ. ಸುಗೋಲ ಮುನಿಯು ತಪಸ್ಸು ಮಾಡಿದ್ದರಿಂದ ಊರಿಗೆ ಆ ಹೆಸರು ಬಂದಿತೆಂದು ಸ್ಥಳಪುರಾಣ ಹೇಳುತ್ತದೆ.

## ಕಿತ್ತೂರಿನ ನೆನಪು: ಲಾವಣಿ ಮತ್ತು ಗೀಗೀ ಪದಗಳು

ಈ ಸೀಮೆಯಲ್ಲಿ ಚರಿತ್ರೆಯೂ ಐತಿಹ್ಯದ ದಾರಿಯನ್ನೇ ಹಿಡಿದಿದೆ. ಕಿತ್ತೂರಿನ ದತ್ತಕವನ್ನು ಈಸ್ಟ್ ಇಂಡಿಯಾ ಕಂಪನಿ ಒಪ್ಪದಿದ್ದಾಗ, 1824ರ ಅಕ್ಟೋಬರ್ 23ರಂದು ನಡೆದ ಕಾಳಗದಲ್ಲಿ ಧಾರವಾಡದ ಅಧಿಕಾರಿ ಥ್ಯಾಕರೆ ಹತನಾದನು. ಡಿಸೆಂಬರಿನಲ್ಲಿ ಕೋಟೆ ಕಂಪನಿಯ ವಶವಾಯಿತು. ಸೆರೆಯಾದ ರಾಣಿ ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ 1829ರಲ್ಲಿ ತೀರಿಕೊಂಡಳು. ಅವಳ ಸಮಾಧಿ ಅಲ್ಲಿಯೇ ಇದೆ. ಮಲಪ್ರಭೆಯ ದಂಡೆಯ ಸಂಗೊಳ್ಳಿಯ ರಾಯಣ್ಣನು ಬಂಡಾಯವನ್ನು ಮುಂದುವರಿಸಿ, 1830ರಲ್ಲಿ ಸೆರೆಸಿಕ್ಕು, 1831ರ ಜನವರಿ 26ರಂದು ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ಗಲ್ಲಿಗೇರಿಸಲ್ಪಟ್ಟನು.

ಸೋತವರ ಈ ಕಥೆಯನ್ನು ಕಂಪನಿಯ ಆಡಳಿತದಲ್ಲಿ ಊರೂರಿಗೆ ಒಯ್ದವರು ಲಾವಣಿಕಾರರು. ಥ್ಯಾಕರೆಯನ್ನು ಹೊಡೆದುರುಳಿಸಿದ ಅಮಟೂರು ಬಾಳಪ್ಪನ ಗುರಿ, ರಾಯಣ್ಣನ ಗೆಳೆಯರ ನಿಷ್ಠೆ, ಅವನನ್ನು ಹಿಡಿದುಕೊಟ್ಟವರ ದ್ರೋಹ ಅವರ ಪದಗಳಲ್ಲಿ ಜೀವಂತವಾಗಿವೆ. ನಂದಗಡದಲ್ಲಿ ರಾಯಣ್ಣನ ಸಮಾಧಿಯ ಮೇಲಿನ ಆಲದಮರವನ್ನು ಅವನ ಸಂಗಾತಿ ನೆಟ್ಟನೆಂಬ ಪ್ರತೀತಿಯಿದೆ. ಮಕ್ಕಳ ಭಾಗ್ಯ ಬೇಡಿ ಹೆಂಗಸರು ಆ ಮರಕ್ಕೆ ತೊಟ್ಟಿಲು ಕಟ್ಟುತ್ತಾರೆ. ಗಲ್ಲಿಗೇರಿದ ಬಂಡಾಯಗಾರ ಹೀಗೆ ಸಂತಾನ ಕೊಡುವ ದೈವವಾದುದು ಜನಮನಸ್ಸಿನ ರೀತಿಯನ್ನು ತೋರಿಸುತ್ತದೆ.

ಗೀಗೀ ಪದಗಳನ್ನು ದಪ್ಪು, ತುಂತುಣಿ, ತಾಳಗಳೊಡನೆ ಹಾಡುತ್ತಾರೆ. ಹಿಮ್ಮೇಳದವರು ಎಳೆದು ಹಾಡುವ ‘ಗೀಯ ಗೀಯ’ ಎಂಬ ಸೊಲ್ಲಿನಿಂದ ಈ ಹೆಸರು ಬಂದಿದೆ. ಗಂಡು ಹೆಚ್ಚು ಎಂದು ವಾದಿಸುವ ಹರದೇಶಿ ಮತ್ತು ಹೆಣ್ಣು ಹೆಚ್ಚು ಎಂದು ವಾದಿಸುವ ನಾಗೇಶಿ ಮೇಳಗಳು ಎದುರುಬದುರಾಗಿ ಸವಾಲು–ಜವಾಬು ನಡೆಸುವುದು ಜಾತ್ರೆಗಳ ದೊಡ್ಡ ಆಕರ್ಷಣೆ.

## ಸಂಗ್ಯಾ ಬಾಳ್ಯಾ

ಬೈಲಹೊಂಗಲದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ನಡೆದ ಕೊಲೆಯೊಂದನ್ನು ಆಧರಿಸಿದ ಸಂಗ್ಯಾ ಬಾಳ್ಯಾ ಉತ್ತರ ಕರ್ನಾಟಕದ ಅತ್ಯಂತ ಜನಪ್ರಿಯ ಸಣ್ಣಾಟ. ಶ್ರೀಮಂತ ಸಂಗ್ಯಾ ತನ್ನ ಗೆಳೆಯ ಬಾಳ್ಯಾನ ನೆರವಿನಿಂದ ಈರ್ಯಾನ ಹೆಂಡತಿ ಗಂಗಿಯ ಸ್ನೇಹ ಸಂಪಾದಿಸುತ್ತಾನೆ. ವಿಷಯ ತಿಳಿದ ಈರ್ಯಾ ಮತ್ತು ಅವನ ತಮ್ಮಂದಿರು ಬಾಳ್ಯಾನನ್ನೇ ಒಲಿಸಿಕೊಂಡು ಸಂಗ್ಯಾನನ್ನು ಕೊಲ್ಲುತ್ತಾರೆ. ಬೈಲವಾಡದ ಪತ್ತಾರ ಮಾಸ್ತರರು ಇದನ್ನು ಆಟಕ್ಕೆ ಅಳವಡಿಸಿದರೆಂದು ಪ್ರಸಿದ್ಧಿ. ದೇವತೆಗಳಿಲ್ಲದ, ಊರಿನ ನಡುವೆಯೇ ನಡೆದ ಕಥೆಯನ್ನು ಊರಿನ ಮಾತಿನಲ್ಲಿಯೇ ಆಡಿ ತೋರಿಸುವುದು ಸಣ್ಣಾಟದ ಶಕ್ತಿ. ಬೆಳಗಾವಿ ಜಿಲ್ಲೆಯವರೇ ಆದ ಚಂದ್ರಶೇಖರ ಕಂಬಾರರು ಈ ಆಟವನ್ನು ಸಂಪಾದಿಸಿ ಪ್ರಕಟಿಸಿದ ಬಳಿಕ ಇದು ಆಧುನಿಕ ರಂಗಭೂಮಿಗೂ ಪರಿಚಿತವಾಯಿತು.

## ಮಳೆ–ಬೆಳೆಗಳ ಆಚರಣೆಗಳು

ಮುಂಗಾರು ಆರಂಭವಾದೊಡನೆ ಮಣ್ಣಿನ ಮೂರ್ತಿಗಳ ಪೂಜೆಗಳು ಸಾಲಾಗಿ ಬರುತ್ತವೆ. ಮಣ್ಣೆತ್ತಿನ ಅಮಾವಾಸ್ಯೆಯ ಎತ್ತುಗಳು, ಆಷಾಢದ ಮಂಗಳವಾರಗಳ ಗುಳ್ಳವ್ವ, ಶ್ರಾವಣದ ನಾಗಪ್ಪ, ಭಾದ್ರಪದದ ಗಣಪ ಮತ್ತು ಜೋಕುಮಾರ ಎಲ್ಲವೂ ಹೊಲದ, ಕೆರೆಯ ಮಣ್ಣಿನಲ್ಲಿಯೇ ರೂಪುಗೊಂಡು ಮತ್ತೆ ನೀರನ್ನೋ ಮಣ್ಣನ್ನೋ ಸೇರುತ್ತವೆ.

ಜೋಕುಮಾರನು ಭಾದ್ರಪದ ಶುದ್ಧ ಅಷ್ಟಮಿಯಂದು ಹುಟ್ಟಿ ಏಳು ದಿನ ಮಾತ್ರ ಬದುಕುವ ದೈವ. ಅಂಬಿಗ ಸಮುದಾಯದ ಹೆಂಗಸರು ಅವನ ಮೂರ್ತಿಯನ್ನು ಬೇವಿನ ತಪ್ಪಲಿನ ನಡುವೆ ಬುಟ್ಟಿಯಲ್ಲಿಟ್ಟು, ಬಾಯಿಗೆ ಬೆಣ್ಣೆ ಹಚ್ಚಿ, ಮನೆಮನೆಗೆ ಹೊತ್ತು ಹಾಡುತ್ತಾರೆ. ಮನೆಯವರು ಜೋಳ ಕೊಡುತ್ತಾರೆ. ಪ್ರತಿಯಾಗಿ ಪಡೆದ ನುಚ್ಚು, ಬೇವುಗಳನ್ನು ಹೊಲಕ್ಕೆ ಒಯ್ದು ಚೆಲ್ಲುತ್ತಾರೆ. ಹುಣ್ಣಿಮೆಯ ರಾತ್ರಿ ಅವನ ‘ಸಾವು’ ಸಂಭವಿಸುತ್ತದೆ. ಗಣಪನು ಊರಿನ ಸುಖವನ್ನಷ್ಟೇ ಕಂಡು ತಂದೆತಾಯಿಗಳಿಗೆ ಹೇಳಿದರೆ, ಜೋಕುಮಾರನು ಬಡವರ ಕಷ್ಟವನ್ನು ಶಿವನಿಗೆ ಮುಟ್ಟಿಸಿ ಮಳೆ ತರಿಸುತ್ತಾನೆಂಬುದು ರೈತರ ನಂಬಿಕೆ. ಕಂಬಾರರ ‘ಜೋಕುಮಾರಸ್ವಾಮಿ’ ನಾಟಕಕ್ಕೆ ಈ ಆಚರಣೆಯೇ ಪ್ರೇರಣೆ.

ಶೀಗಿ ಹುಣ್ಣಿಮೆ ಮತ್ತು ಎಳ್ಳಮಾವಾಸ್ಯೆಗಳಲ್ಲಿ ಹೊಲಕ್ಕೆ ಹೋಗಿ ಭೂಮಿತಾಯಿಗೆ ಚರಗ ಚೆಲ್ಲುವುದು ಇನ್ನೊಂದು ಮುಖ್ಯ ಆಚರಣೆ. ಸಜ್ಜೆರೊಟ್ಟಿ, ಪುಂಡಿಪಲ್ಯೆ, ಎಣಗಾಯಿ, ಶೇಂಗಾ ಹೋಳಿಗೆಗಳ ಎಡೆಯನ್ನು ಪೈರಿನ ಸಾಲುಗಳಲ್ಲಿ ಎರಚಿದ ಮೇಲೆ ಎಲ್ಲರೂ ಹೊಲದಲ್ಲಿಯೇ ಕುಳಿತು ಉಣ್ಣುತ್ತಾರೆ.

## ಸಂಗ್ರಹ ಮತ್ತು ಅಧ್ಯಯನ

ಈ ಸೀಮೆಯ ಹಾಡುಗಳನ್ನು ಮೊದಲು ಅಚ್ಚಿಗೆ ತಂದವರಲ್ಲಿ ಮುಂಬಯಿ ಪ್ರಾಂತ್ಯದ ಅಧಿಕಾರಿಯೂ ಶಾಸನತಜ್ಞನೂ ಆಗಿದ್ದ ಜೆ. ಎಫ್. ಫ್ಲೀಟ್ ಪ್ರಮುಖನು. ಅವನು 1885ರಿಂದ 1890ರ ಅವಧಿಯಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಐದು ಕನ್ನಡ ಲಾವಣಿಗಳನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದನು. ಸಂಗೊಳ್ಳಿ ರಾಯಣ್ಣನ ಬಂಡಾಯ, ಹಲಗಲಿಯ ಬೇಡರ ದಂಗೆ, ಸಂಗ್ಯಾನ ಕೊಲೆ ಮತ್ತು ಆದಾಯ ತೆರಿಗೆಯನ್ನು ಕುರಿತ ಪದಗಳು ಅವುಗಳಲ್ಲಿ ಸೇರಿವೆ. ಬಂಡಾಯವನ್ನು ಹತ್ತಿಕ್ಕಿದ ಆಡಳಿತದ ಅಧಿಕಾರಿಯೇ ಬಂಡಾಯಗಾರನ ಹಾಡನ್ನು ಬರೆದಿಟ್ಟದ್ದರಿಂದ ಅದರ ಹತ್ತೊಂಬತ್ತನೆಯ ಶತಮಾನದ ರೂಪ ಇಂದಿಗೂ ಲಭ್ಯವಾಗಿದೆ.

ಜೋಗಪ್ಪಗಳ ಪರಂಪರೆಯನ್ನು ಕುರಿತು ನಿಕೋಲಸ್ ಬ್ರಾಡ್‌ಫರ್ಡ್ 1983ರಲ್ಲಿ ಲೇಖನವನ್ನು ಪ್ರಕಟಿಸಿದನು. ಮಾನವಶಾಸ್ತ್ರಜ್ಞೆ ಲುಸಿಂಡಾ ರ‍್ಯಾಂಬರ್ಗ್ ಅವರ ‘ಗಿವನ್ ಟು ದಿ ಗಾಡೆಸ್’ (2014) ಜೋಗತಿಯರ ಬದುಕನ್ನು ಕುರಿತ ಕ್ಷೇತ್ರಾಧ್ಯಯನ. ಸುಧಾರಣೆಯ ಹೆಸರಿನಲ್ಲಿ ಜೋಗತಿಯರನ್ನು ಕೇವಲ ಬಲಿಪಶುಗಳೆಂದು ಕಂಡರೆ ಅವರ ಧಾರ್ಮಿಕ ಅಧಿಕಾರ ಮತ್ತು ಬಂಧುತ್ವದ ಕಲ್ಪನೆಗಳು ಮರೆಯಾಗುತ್ತವೆ ಎಂಬುದು ಅವರ ವಾದ. ಪದ್ಧತಿಯನ್ನು ಅನುಭವಿಸಿ ಹೊರಬಂದ ಮಹಿಳೆಯರ ಸಂಘಟನೆಗಳು ಸಮರ್ಪಣೆಯು ಸಂಪೂರ್ಣವಾಗಿ ನಿಲ್ಲಬೇಕೆಂದು ಒತ್ತಾಯಿಸುತ್ತವೆ.

## ಇಂದಿನ ಸ್ಥಿತಿ

ಯಲ್ಲಮ್ಮನ ಗುಡ್ಡದ ಜಾತ್ರೆಗಳು ಹಿಂದಿಗಿಂತ ಹೆಚ್ಚು ಜನರನ್ನು ಸೆಳೆಯುತ್ತಿವೆ. ಕಿತ್ತೂರಿನಲ್ಲಿ ಪ್ರತಿವರ್ಷ ಅಕ್ಟೋಬರ್ 23ರಿಂದ ನಡೆಯುವ ಕಿತ್ತೂರು ಉತ್ಸವದಲ್ಲಿ ಜಾನಪದ ಮೇಳಗಳಿಗೆ ವೇದಿಕೆ ದೊರೆಯುತ್ತದೆ. ಚೌಡಿಕೆ ಪದಗಳ ಸ್ಥಿತಿ ಇದಕ್ಕಿಂತ ಭಿನ್ನವಾಗಿದೆ. ಈ ಹಾಡು ತಾಯಿಯಿಂದ ಮಗಳಿಗೆ, ಹಿರಿಯ ಜೋಗತಿಯಿಂದ ಕಿರಿಯಳಿಗೆ ಮುತ್ತಿನ ಸರದೊಡನೆಯೇ ದಾಟಿಬರುತ್ತಿತ್ತು. ಮುತ್ತು ಕಟ್ಟುವುದು ನಿಂತಂತೆ ಹಾಡು ಕಲಿಯುವವರೂ ಕಡಿಮೆಯಾದರು. ಮಾಜಿ ದೇವದಾಸಿಯರ ಮಕ್ಕಳು ಓದಿ ಬೇರೆ ಉದ್ಯೋಗಗಳಿಗೆ ಹೋಗುತ್ತಿರುವುದು ಹೋರಾಟದ ಗೆಲುವು. ಅದರಿಂದ ಬರಿದಾಗುವ ಹಾಡುಗಾರರ ಸಾಲನ್ನು ತುಂಬುವ ಬಗೆ ಬೇರೆಯೇ ಆಗಬೇಕಾಗಿದೆ. ದೇವಿಗೆ ಬಿಡಲ್ಪಡದೆಯೂ ಚೌಡಿಕೆಯನ್ನು ಕಲೆಯಾಗಿ ಕಲಿತು ವೇದಿಕೆಗಳಲ್ಲಿ ಹಾಡುವ, ಗಂಡು–ಹೆಣ್ಣು ಭೇದವಿಲ್ಲದ ಮೇಳಗಳು ಇತ್ತೀಚಿನ ದಶಕಗಳಲ್ಲಿ ರೂಪುಗೊಂಡಿರುವುದು ಅಂಥ ಒಂದು ದಾರಿ.

## ಇವನ್ನೂ ನೋಡಿ

- ಸವದತ್ತಿ
- ಜೋಗತಿ ನೃತ್ಯ
- ಚೌಡಿಕೆ
- ದೇವದಾಸಿ ಪದ್ಧತಿ
- ಸಂಗೊಳ್ಳಿ ರಾಯಣ್ಣ
- ಸಣ್ಣಾಟ
- ಜೋಕುಮಾರಸ್ವಾಮಿ